ಹಿಡಿದದ್ದು ಯಾವುದು, ಬಿಟ್ಟದ್ದು ಯಾವುದು?



ನವೆಂಬರ್ ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಹುಲ್ಲುಕತ್ತಿಗೆ ಕೆಲಸ. ಮಳೆಗಾಲದಲ್ಲಿ ಎದೆಮಟ್ಟ ಬೆಳೆದ ಹುಲ್ಲನ್ನು ಕೊಯ್ದು, ಮುರಕಲ್ಲಿನ ಸಮಾಧಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ ನಮ್ಮ ಹಿರಿಯರಿಗಾಗಿ ಪ್ರಾರ್ಥಿಸುತ್ತೇವೆ. ನವೆಂಬರ್ 2ರ ಸಕಲ ಮೃತರ ಸ್ಮರಣೆಯ ದಿನ ಸಾಯಂಕಾಲ ಸಮಾಧಿ ಭೂಮಿಯಲ್ಲಿ ಸೇರುವಷ್ಟು ಜನ ಕೆಲವು ಭಾನುವಾರಗಳಲ್ಲಿ ಇಗರ್ಜಿಯೊಳಗೂ ಸೇರುವುದಿಲ್ಲ. ಇದು ದೂರಲ್ಲ, ಕಂಡದ್ದನ್ನು ಹೇಳುತ್ತಿದ್ದೇವೆ.

ಈ ದಿನಗಳಲ್ಲಿಯೇ ನಮ್ಮ ಕಚೇರಿಯ ಬಾಗಿಲಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬಂದು ನಿಲ್ಲುತ್ತದೆ. ಬಂದವರು ಮೊದಲು ಪೂಜೆಯ ಉದ್ದೇಶ ಬರೆಸುತ್ತಾರೆ, ರಶೀದಿ ತೆಗೆದುಕೊಳ್ಳುತ್ತಾರೆ, ಹೊರಡುವ ಹೊತ್ತಿಗೆ ಸ್ವರ ತಗ್ಗಿಸಿ ಕೇಳುತ್ತಾರೆ: "ಫಾದರ್, ನಮ್ಮಲ್ಲಿ ಹೆಣ ಸುಡಬಹುದಾ?" ಮಕ್ಕಳು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಗಲ್ಫಿನಲ್ಲೋ ಇರುವ ಮನೆಗಳಿಂದಲೇ ಈ ಪ್ರಶ್ನೆ ಹೆಚ್ಚು. ಸುಡಬಹುದು ಎಂದು ಉತ್ತರ ಕೊಟ್ಟರೆ ಕೆಲವರಿಗೆ ಸಮಾಧಾನ. ಇನ್ನು ಕೆಲವರ ಮುಖ ಗಂಟಿಕ್ಕುತ್ತದೆ. ಅವರಿಗೆ ಬೇಕಾಗಿದ್ದದ್ದು "ಕೂಡದು" ಎಂಬ ಉತ್ತರ, ಮನೆಗೆ ಹೋಗಿ ಇನ್ನೊಬ್ಬರ ಬಾಯಿ ಮುಚ್ಚಿಸಲು.

ಇಬ್ಬರು ಅಣ್ಣತಮ್ಮಂದಿರ ವಿಷಯ ಹೀಗೆಯೇ ನಮ್ಮ ಮುಂದೆ ಬಂತು. ಹೆಸರು ಬೇಡ, ಊರೂ ಬೇಡ. ತಾಯಿ ಮುಂಬೈಯಲ್ಲಿ ತಮ್ಮನ ಮನೆಯಲ್ಲಿದ್ದರು. 2021ರ ಎರಡನೆಯ ಅಲೆಯಲ್ಲಿ ಕೊರೋನಾದಿಂದ ತೀರಿಕೊಂಡರು. ಆ ದಿನಗಳು ಹೇಗಿದ್ದವೆಂದು ನಿಮಗೆಲ್ಲ ನೆನಪಿದೆ. ಊರಿಗೆ ತರುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ, ಯೋಚಿಸಲು ಸಮಯವೂ ಇಲ್ಲ. ತಮ್ಮ ಕಾಗದಕ್ಕೆ ಸಹಿ ಹಾಕಿ ದಹನ ಮಾಡಿಸಿದ. ದಾರಿ ತೆರೆದ ಮೇಲೆ ಬೂದಿಯನ್ನು ಊರಿಗೆ ತಂದು ಅಪ್ಪನ ಸಮಾಧಿಯ ಬದಿಯಲ್ಲಿ ಹೂಳಿಸಿದ. ಅಣ್ಣ ಬರಲಿಲ್ಲ. ವರ್ಷದ ಪೂಜೆಗೂ ಬರಲಿಲ್ಲ. "ಅಮ್ಮನನ್ನು ಸುಟ್ಟವನ ಜೊತೆ ನಾನು ಊಟಕ್ಕೆ ಕೂರುವುದಿಲ್ಲ" ಎಂಬ ಮಾತು ಒಂದೇ. ನಾವು ಅವರ ಮನೆಗೆ ಹೋಗಿ, ಧರ್ಮಸಭೆ ಇದಕ್ಕೆ ಅನುಮತಿ ಕೊಟ್ಟು ಬಹಳ ವರ್ಷಗಳಾದವು ಎಂದು ವಿವರಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ನಮ್ಮ ಅಜ್ಜನ ಕಾಲದಲ್ಲಿ ಪಾಪ ಎಂದಿರಿ, ಈಗ ಪಾಪ ಅಲ್ಲ ಎನ್ನುತ್ತೀರಿ. ಯಾವಾಗ ಹೇಳಿದ್ದು ನಿಜ ಫಾದರ್?"

ಇದು ಒಳ್ಳೆಯ ಪ್ರಶ್ನೆ. ಸಿಟ್ಟಿನಲ್ಲಿ ಕೇಳಿದ್ದಾದರೂ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಕೊಡದೆ "ಮೇಲಿನಿಂದ ಆದೇಶ ಬಂದಿದೆ" ಎಂದು ಹೇಳಿ ಏಳುವುದು ಸರಿಯಲ್ಲ. ಹಾಗಾಗಿ ಈ ತಿಂಗಳು ಸ್ವಲ್ಪ ಚರಿತ್ರೆಯನ್ನು ನೋಡೋಣ.

ರೋಮನ್ನರ ಕಾಲದಲ್ಲಿ ಸುಡುವುದೂ ಇತ್ತು, ಹೂಳುವುದೂ ಇತ್ತು. ಮೊದಲ ಕ್ರೈಸ್ತರು ಯೆಹೂದ್ಯರ ಸಂಪ್ರದಾಯದಂತೆ, ಯೇಸುಸ್ವಾಮಿಯನ್ನು ಸಮಾಧಿಯಲ್ಲಿ ಇರಿಸಿದ ನೆನಪಿನಿಂದ, ಹೂಳುವುದನ್ನೇ ಆರಿಸಿಕೊಂಡರು. ಬೆಂಕಿಗೆ ಹೆದರಿ ಅಲ್ಲ. 177ರಲ್ಲಿ ಈಗಿನ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಹಲವು ಕ್ರೈಸ್ತರನ್ನು ಕೊಂದವರು ಅವರ ದೇಹಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಚೆಲ್ಲಿದರು. ಇನ್ನು ಇವರು ಹೇಗೆ ಎದ್ದು ಬರುತ್ತಾರೆ ನೋಡೋಣ ಎಂಬುದು ಅವರ ಹಂಗು. ಉಳಿದ ಕ್ರೈಸ್ತರು ದುಃಖಪಟ್ಟರೇ ಹೊರತು ವಿಶ್ವಾಸ ಬಿಡಲಿಲ್ಲ. ಸಂತ ಜೋನ್ ಆಫ್ ಆರ್ಕ್‌ರನ್ನು 1431ರಲ್ಲಿ ಸುಟ್ಟು ಬೂದಿಯನ್ನು ಸೀನ್ ನದಿಗೆ ಎಸೆದರು. 1920ರಲ್ಲಿ ಧರ್ಮಸಭೆ ಅವರನ್ನು ಸಂತರ ಸಾಲಿಗೆ ಸೇರಿಸಿತು. ಅವರಿಗೆ ಪುನರುತ್ಥಾನವಿಲ್ಲ ಎಂದು ಯಾರೂ ಹೇಳಲಿಲ್ಲ.

ಹಾಗಾದರೆ ನಿಷೇಧ ಎಲ್ಲಿಂದ ಬಂತು? ನಮ್ಮ ಹಿರಿಯರು ಕೇಳಿ ಬೆಳೆದ ಕಟ್ಟುನಿಟ್ಟಿನ ನಿಷೇಧ 19ನೇ ಶತಮಾನದ್ದು. 1876ರಲ್ಲಿ ಇಟಲಿಯ ಮಿಲಾನಿನಲ್ಲಿ ಹೊಸ ಮಾದರಿಯ ದಹನಾಗಾರ ತೆರೆಯಿತು. ಆಗ ಇದಕ್ಕಾಗಿ ಸಂಘ ಕಟ್ಟಿ ಓಡಾಡಿದವರಲ್ಲಿ ಧರ್ಮಸಭೆಯ ಕಡು ವಿರೋಧಿಗಳಾದ ಹಲವರಿದ್ದರು. ದೇಹ ಬೂದಿಯಾದರೆ ಮುಗಿಯಿತು, ಆಚೆಗೆ ಏನೂ ಇಲ್ಲ ಎಂದು ಊರಿಗೆ ಸಾರುವುದಕ್ಕೆ ದಹನವನ್ನು ಒಂದು ಬಾವುಟದಂತೆ ಎತ್ತಿಹಿಡಿದರು. ಅದಕ್ಕೆ ಪ್ರತಿಯಾಗಿ 1886ರಲ್ಲಿ ರೋಮ್ ನಿಷೇಧ ಹೊರಡಿಸಿತು. 1917ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿಯೂ ಅದು ಸೇರಿತು: ಸುಡಬೇಕೆಂದು ಹೇಳಿ ಪಶ್ಚಾತ್ತಾಪವಿಲ್ಲದೆ ಸತ್ತವರಿಗೆ ಇಗರ್ಜಿಯ ಅಂತ್ಯಕ್ರಿಯೆ ಇಲ್ಲ. ಅಂದರೆ ಧರ್ಮಸಭೆ ಅಂದು ಎದುರು ನಿಂತದ್ದು ಬೆಂಕಿಗಲ್ಲ, ಆ ಬೆಂಕಿಯ ಮೂಲಕ ಹೇಳಿಸುತ್ತಿದ್ದ ಮಾತಿಗೆ.

1963ರ ಹೊತ್ತಿಗೆ ಆ ಮಾತು ಬಹುಮಟ್ಟಿಗೆ ಹಳೆಯದಾಗಿತ್ತು. ಜನ ದಹನ ಕೇಳುತ್ತಿದ್ದದ್ದು ನಗರದಲ್ಲಿ ಜಾಗವಿಲ್ಲವೆಂದು, ಖರ್ಚು ತಡೆಯದೆಂದು, ಆರೋಗ್ಯದ ಕಾರಣಕ್ಕೆಂದು. ಆ ವರ್ಷ ರೋಮ್ ಸೂಚನೆ ಹೊರಡಿಸಿ, ದಹನ ತಾನಾಗಿಯೇ ಕ್ರೈಸ್ತ ವಿಶ್ವಾಸಕ್ಕೆ ವಿರುದ್ಧವಲ್ಲ, ವಿಶ್ವಾಸವನ್ನು ನಿರಾಕರಿಸುವ ಉದ್ದೇಶದಿಂದ ಆರಿಸಿಕೊಂಡರೆ ಮಾತ್ರ ತಡೆ ಎಂದಿತು. 1983ರ ಸಂಹಿತೆಯಲ್ಲಿಯೂ ಹಾಗೆಯೇ ಇದೆ. ಹೂಳುವುದೇ ಉತ್ತಮ ಎಂಬ ಒಲವನ್ನು ಮಾತ್ರ ಇಂದಿಗೂ ಬಿಟ್ಟಿಲ್ಲ.

ಆದ್ದರಿಂದ ಅಜ್ಜನ ಕಾಲದಲ್ಲಿ ಹೇಳಿದ್ದೂ ಒಂದು ಸತ್ಯವನ್ನು ಕಾಯುವುದಕ್ಕೆ, ಈಗ ಹೇಳುವುದೂ ಅದೇ ಸತ್ಯವನ್ನು ಕಾಯುತ್ತಲೇ. ಸತ್ತವರು ಏಳುವರೆಂದು ನಾವು ಪ್ರತಿ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ಹೇಳುತ್ತೇವಲ್ಲ, ಅದರಲ್ಲಿ ಒಂದಕ್ಷರ ಬದಲಾಗಿಲ್ಲ. ಆದರೆ ನಿಷೇಧದ ಕಾರಣ ಮರೆತು ನಿಷೇಧವನ್ನು ಮಾತ್ರ ಹಿಡಿದುಕೊಂಡರೆ ಏನಾಗುತ್ತದೆ? ಎಂದೋ ಇಟಲಿಯ ನಾಸ್ತಿಕರಿಗೆ ಕೊಟ್ಟ ಉತ್ತರವನ್ನು ನಮ್ಮ ಸ್ವಂತ ತಮ್ಮನ ಮುಖಕ್ಕೆ ಹೊಡೆದಂತಾಗುತ್ತದೆ.

ನಮ್ಮದೇ ಕೇರಳ ರಾಜ್ಯದ ಉದಾಹರಣೆ ನೋಡಿ. ಆಲಪ್ಪುಳದ ಕರಾವಳಿಯಲ್ಲಿ ಸ್ವಲ್ಪ ಅಗೆದರೆ ನೀರು ಬರುತ್ತದೆ. ಕೊರೋನಾದಿಂದ ಸತ್ತವರನ್ನು ಬಹಳ ಆಳಕ್ಕೆ ಹೂಳಬೇಕೆಂಬ ನಿಯಮ ಅಲ್ಲಿ ಪಾಲಿಸುವುದು ಕಷ್ಟವಾಗಿತ್ತು. 2020ರ ಜುಲೈ ತಿಂಗಳಲ್ಲಿ ಅಲ್ಲಿಯ ಲ್ಯಾಟಿನ್ ಧರ್ಮಪ್ರಾಂತ್ಯದ ಬಿಷಪರು, ಅಂಥವರ ದೇಹವನ್ನು ಇಗರ್ಜಿಯ ಸಮಾಧಿ ಭೂಮಿಯಲ್ಲಿಯೇ ದಹಿಸಿ ಬೂದಿಯನ್ನು ಅಲ್ಲಿಯೇ ಹೂಳಲು ಅನುಮತಿ ಕೊಟ್ಟರು. ಕೆಲವೆಡೆ ಕೊರೋನಾ ಸತ್ತವರ ಹೆಣವನ್ನು ಹೂಳಲು ಬಿಡುವುದಿಲ್ಲವೆಂದು ಜನ ದಾರಿ ಅಡ್ಡಗಟ್ಟುತ್ತಿದ್ದ ದಿನಗಳವು. ಪ್ರಾರ್ಥನೆಯಿಲ್ಲದೆ, ನಮ್ಮವರೆನ್ನುವವರಿಲ್ಲದೆ ಒಬ್ಬ ವಿಶ್ವಾಸಿ ಹೋಗಬಾರದು ಎಂಬುದನ್ನು ಅವರು ಹಿಡಿದರು. ಅದಕ್ಕಾಗಿ ನಮ್ಮಲ್ಲಿ ಹಿಂದೆ ಹೀಗಿರಲಿಲ್ಲ ಎಂಬುದನ್ನು ಬಿಟ್ಟರು.

ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯಲು ದೊಡ್ಡ ದೇವಶಾಸ್ತ್ರದ ಪುಸ್ತಕಗಳಿಗಿಂತ ಒಬ್ಬ ತಾಯಿಯ ಜೀವನ ನೋಡುವುದು ಮೇಲೆಂದು ನಮ್ಮ ಅಭಿಪ್ರಾಯ. ಆಗಸ್ಟ್ 27ರಂದು ನಾವು ಹಬ್ಬ ಆಚರಿಸುವ ಸಂತ ಮೋನಿಕಾ ಆ ತಾಯಿ. ದಾರಿ ತಪ್ಪಿದ ಮಗನಿಗಾಗಿ ವರ್ಷಗಟ್ಟಲೆ ಅತ್ತವರು ಎಂದು ತಾಯಂದಿರ ಸಂಘದ ಕೂಟಗಳಲ್ಲಿ ಅವರ ಬಗ್ಗೆ ಕೇಳಿರುತ್ತೀರಿ. ಅಷ್ಟೇ ಹೇಳಿ ನಿಲ್ಲಿಸುತ್ತೇವೆ, ಮಿಕ್ಕದ್ದು ಹೇಳುವುದಿಲ್ಲ. ಅವರ ಮಗ ಸಂತ ಅಗಸ್ಟೀನರೇ ಬರೆದಿಟ್ಟ ಮೂರು ಸಂಗತಿಗಳಿವೆ.

ಮೋನಿಕಾ ಉತ್ತರ ಆಫ್ರಿಕಾದ ತಗಾಸ್ತೆಯವರು, ಇಂದಿನ ಅಲ್ಜೀರಿಯಾ ದೇಶ. ಅಲ್ಲಿ ರಕ್ತಸಾಕ್ಷಿಗಳ ಸಮಾಧಿಗಳಿಗೆ ಗಂಜಿ, ರೊಟ್ಟಿ, ದ್ರಾಕ್ಷಾರಸ ಒಯ್ದು ಅರ್ಪಿಸುವ ಪದ್ಧತಿ ಇತ್ತು. ಮಗನ ಹಿಂದೆ ಇಟಲಿಯ ಮಿಲಾನಿಗೆ ಹೋದಾಗಲೂ ಅವರು ಹಾಗೆಯೇ ಬುಟ್ಟಿ ಹಿಡಿದುಕೊಂಡು ಹೊರಟರು. ಬಾಗಿಲು ಕಾಯುವವನು ತಡೆದ. ಬಿಷಪ್ ಅಂಬ್ರೋಸರು ಇದನ್ನು ನಿಷೇಧಿಸಿದ್ದಾರೆ ಎಂದ. ಕುಡಿತಕ್ಕೆ ಅದು ನೆಪವಾಗುತ್ತಿತ್ತು, ಅನ್ಯದೇವತೆಗಳ ಕಾಲದ ಪಿತೃಪೂಜೆಯ ಹಾಗೆಯೂ ಕಾಣುತ್ತಿತ್ತು ಎಂಬುದು ಕಾರಣ. ಇನ್ನೊಬ್ಬರಾಗಿದ್ದರೆ ಬಾಗಿಲಲ್ಲೇ ಜಗಳವಾಗುತ್ತಿತ್ತು. ನಮ್ಮ ಊರಲ್ಲಿ ತಲತಲಾಂತರದಿಂದ ಬಂದದ್ದು, ಇವರ್ಯಾರು ಬೇಡವೆನ್ನಲು ಎಂದು. ಮೋನಿಕಾ ಬುಟ್ಟಿಯನ್ನು ಹಿಂದಕ್ಕೆ ಕೊಂಡುಹೋದರು. ಸಮಾಧಿಗೆ ಪ್ರಾರ್ಥನೆ, ಬಡವರಿಗೆ ಕೈಲಾದಷ್ಟು ಎಂದು ಬದಲಾಯಿಸಿಕೊಂಡರು. ಮಗ ಇಲ್ಲೊಂದು ಮಾತು ಸೇರಿಸುತ್ತಾರೆ: ತಡೆದವರು ಅಂಬ್ರೋಸರಲ್ಲದೆ ಬೇರೆ ಯಾರೋ ಆಗಿದ್ದರೆ ಅಮ್ಮ ಇಷ್ಟು ಸುಲಭವಾಗಿ ಬಿಡುತ್ತಿರಲಿಲ್ಲವೇನೋ ಎಂದು. ಮಗನಿಗೆ ಅಮ್ಮನ ಗುಣ ಗೊತ್ತಿತ್ತು. ತಾವು ಪ್ರೀತಿಸುವವರು ಹೇಳಿದಾಗ ಬಿಡುವುದು ಸುಲಭ. ಗುರುಗಳಾದ ನಮಗೂ ಇದರಲ್ಲಿ ಪಾಠವಿದೆ.

ಎರಡನೆಯದು ಶನಿವಾರದ ಉಪವಾಸ. ರೋಮಿನಲ್ಲಿ ಶನಿವಾರ ಉಪವಾಸ ಮಾಡುತ್ತಿದ್ದರು, ಮಿಲಾನಿನಲ್ಲಿ ಇಲ್ಲ. ಊರಿನ ಪದ್ಧತಿ ನಡೆಸಲೋ ಇಲ್ಲಿಯ ಪದ್ಧತಿ ನಡೆಸಲೋ ಎಂದು ಮೋನಿಕಾ ತಳಮಳಗೊಂಡರು. ಅಮ್ಮನ ಪರವಾಗಿ ಅಗಸ್ಟೀನರೇ ಹೋಗಿ ಕೇಳಿದರು. ಆಗ ಅವರಿಗೆ ಇಂಥ ವಿಷಯಗಳಲ್ಲಿ ಯಾವ ಆಸಕ್ತಿಯೂ ಇರಲಿಲ್ಲ, ಅಮ್ಮನಿಗಾಗಿ ಹೋದದ್ದು. ರೋಮಿಗೆ ಹೋದಾಗ ತಾನು ಶನಿವಾರ ಉಪವಾಸ ಮಾಡುತ್ತೇನೆ, ಇಲ್ಲಿರುವಾಗ ಮಾಡುವುದಿಲ್ಲ, ಯಾವ ಊರಿನ ಸಭೆಗೆ ಹೋಗುತ್ತೀರೋ ಅಲ್ಲಿಯ ಪದ್ಧತಿ ನಡೆಸಿರಿ ಎಂಬ ಅರ್ಥದ ಉತ್ತರ ಅಂಬ್ರೋಸರಿಂದ ಬಂತು. ಮೋನಿಕಾ ಸಂತೋಷದಿಂದ ಒಪ್ಪಿದರು.

ಮೂರನೆಯದು ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ತಮ್ಮ ಗಂಡ ಪ್ಯಾಟ್ರಿಸಿಯಸರ ಪಕ್ಕದಲ್ಲಿ ಹೂಳಿಸಿಕೊಳ್ಳಬೇಕೆಂದು ಮೋನಿಕಾ ಬಹುಕಾಲದಿಂದ ಆಸೆಪಟ್ಟಿದ್ದರು, ಜಾಗವನ್ನೂ ಸಿದ್ಧಪಡಿಸಿದ್ದರು. 387ರಲ್ಲಿ ಆಫ್ರಿಕಾಕ್ಕೆ ಮರಳುವ ದಾರಿಯಲ್ಲಿ ರೋಮಿನ ಹತ್ತಿರದ ಓಸ್ತಿಯಾ ಬಂದರಿನಲ್ಲಿ ಜ್ವರ ಹಿಡಿಯಿತು. ವಯಸ್ಸು 56. ಮಕ್ಕಳಿಬ್ಬರೂ ಬಳಿಯಲ್ಲಿದ್ದರು. ಅಗಸ್ಟೀನರ ಅಣ್ಣನೋ ತಮ್ಮನೋ ಆದ ನಾವಿಗಿಯಸ್, ಅಮ್ಮ ಪರದೇಶದಲ್ಲಿ ಸಾಯುವುದಕ್ಕಿಂತ ಊರಿನಲ್ಲಿ ಸತ್ತರೆ ಚೆನ್ನಾಗಿತ್ತು ಎಂದ. ಅಮ್ಮ ಅವನನ್ನು ಕಣ್ಣಿನಿಂದಲೇ ಗದರಿಸಿದರು. ಈ ದೇಹವನ್ನು ಎಲ್ಲಿ ಬೇಕಾದರೂ ಇಡಿ, ಅದರ ಚಿಂತೆ ಮಾಡಬೇಡಿ. ಎಲ್ಲೇ ಇದ್ದರೂ ಕರ್ತರ ಪೀಠದ ಬಳಿ ನನ್ನನ್ನು ನೆನೆಯಿರಿ, ಇಷ್ಟೇ ಕೇಳುವುದು ಎಂಬುದು ಅವರ ಮಾತಿನ ತಾತ್ಪರ್ಯ. ಊರಿನಿಂದ ಇಷ್ಟು ದೂರ ದೇಹ ಬಿಡಲು ಹೆದರಿಕೆಯಿಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, ದೇವರಿಗೆ ಯಾವ ಜಾಗವೂ ದೂರವಲ್ಲ, ಕೊನೆಯ ದಿನ ಎಲ್ಲಿಂದ ಎಬ್ಬಿಸಬೇಕೆಂದು ಅವರಿಗೆ ತಿಳಿಯದೆ ಹೋಗುವುದೇ ಎಂದಿದ್ದರಂತೆ.

ಈ ಮೋನಿಕಾ ಸುಲಭಕ್ಕೆ ಬಾಗುವ ಹೆಂಗಸು ಎಂದು ತಿಳಿಯಬೇಡಿ. ಮಗ ಮಣಿಯ ಪಂಥಕ್ಕೆ ಸೇರಿದಾಗ ಸ್ವಲ್ಪ ಕಾಲ ಅವನನ್ನು ಮನೆಯ ಊಟದಿಂದಲೇ ದೂರವಿಟ್ಟವರು. ಅವನು ಮೋಸಮಾಡಿ ರಾತ್ರೋರಾತ್ರಿ ಹಡಗು ಹತ್ತಿದರೆ, ಸಮುದ್ರ ದಾಟಿ ಹಿಂದೆ ಹೋದವರು. ಮಗ ಕ್ರಿಸ್ತನವನಾಗಬೇಕು ಎಂಬ ಹಂಬಲವನ್ನು ಒಂದು ದಿನವೂ ಸಡಿಲಿಸಲಿಲ್ಲ. ಬುಟ್ಟಿ, ಶನಿವಾರ, ಗಂಡನ ಬದಿಯ ಗುಂಡಿ, ಇವುಗಳನ್ನೆಲ್ಲ ಸಡಿಲಿಸಿದರು. ಮುಖ್ಯವಾದದ್ದನ್ನು ಅಷ್ಟು ಗಟ್ಟಿಯಾಗಿ ಹಿಡಿದಿದ್ದ ಕೈಗೆ ಉಳಿದದ್ದನ್ನು ಬಿಡುವುದು ಕಷ್ಟವಾಗಲಿಲ್ಲ ಎಂದು ನಮಗೆ ತೋರುತ್ತದೆ.

ಸತ್ಯಗಳಲ್ಲಿಯೂ ಮೇಲು ಕೆಳಗಿನ ಕ್ರಮವಿದೆ, ಎಲ್ಲವೂ ಬುಡಕ್ಕೆ ಒಂದೇ ಹತ್ತಿರದಲ್ಲಿಲ್ಲ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕ್ರೈಸ್ತ ಐಕ್ಯದ ಕುರಿತ ದಾಖಲೆಯಲ್ಲಿ ತಿಳಿಸಿತು. ವಿಶ್ವಾಸಸತ್ಯಗಳಲ್ಲಿಯೇ ಈ ಕ್ರಮವಿರುವಾಗ ಶಿಸ್ತಿನ ನಿಯಮಗಳ, ಊರ ಪದ್ಧತಿಗಳ ಮಾತೇನು? ನಮ್ಮ ಅಜ್ಜಿಯಂದಿರು ಪರಮಪ್ರಸಾದ ಸ್ವೀಕರಿಸಬೇಕೆಂದರೆ ಮಧ್ಯರಾತ್ರಿಯಿಂದ ಒಂದು ಹನಿ ನೀರೂ ಕುಡಿಯುತ್ತಿರಲಿಲ್ಲ. 1953ರಲ್ಲಿ ಪೋಪ್ 12ನೇ ಪಿಯುಸರು ನೀರಿನಿಂದ ಉಪವಾಸ ಮುರಿಯದು ಎಂದರು. 1957ರಲ್ಲಿ ಮಧ್ಯರಾತ್ರಿಯ ಬದಲು ಮೂರು ಗಂಟೆ ಎಂದಾಯಿತು. 1964ರಲ್ಲಿ ಪೋಪ್ 6ನೇ ಪೌಲರು ಒಂದು ಗಂಟೆ ಸಾಕೆಂದರು. ಪರಮಪ್ರಸಾದದಲ್ಲಿ ಇರುವವರು ಯಾರೆಂಬ ವಿಶ್ವಾಸ 1953ಕ್ಕೂ 1964ಕ್ಕೂ ಒಂದೇ. ಗಂಟೆ ಬದಲಾದದ್ದರಿಂದ ಸಂಜೆಯ ಪೂಜೆ ಸಾಧ್ಯವಾಯಿತು, ರಾತ್ರಿ ಪಾಳಿ ಮುಗಿಸಿದ ಕಾರ್ಮಿಕನೂ ಪ್ರಸಾದ ಸ್ವೀಕರಿಸುವಂತಾಯಿತು. ಆದರೂ ಮಧ್ಯರಾತ್ರಿಯಿಂದಲೇ ಉಪವಾಸ ಮಾಡಿದ ಅಜ್ಜಿಯನ್ನು ನಗಾಡುವ ಹಕ್ಕು, ಇಗರ್ಜಿಗೆ ಬರುವ ದಾರಿಯಲ್ಲಿ ಹೋಟೆಲಿನಲ್ಲಿ ಚಹಾ ಕುಡಿದು ಬರುವ ನಮಗಿಲ್ಲ.

ಈ ವಿಷಯದಲ್ಲಿ ಎರಡು ತರದವರು ನಮ್ಮನ್ನು ಚಿಂತೆಗೀಡುಮಾಡುತ್ತಾರೆ. ಒಬ್ಬರು, ಯಾವುದೂ ಬದಲಾಗಬಾರದು ಎನ್ನುವ ಆ ಅಣ್ಣನಂಥವರು. ಇನ್ನೊಬ್ಬರು, ಹೆಚ್ಚಾಗಿ ಕಾಲೇಜಿಗೆ ಹೋಗುವ ಮಕ್ಕಳು: ಒಂದು ನಿಯಮ ಬದಲಾಯಿತೆಂದರೆ ಎಲ್ಲವೂ ಮನುಷ್ಯರು ಮಾಡಿದ್ದೇ, ಹಾಗಾದರೆ ಯಾವುದೂ ಬೇಡ ಎನ್ನುವವರು. ಇಬ್ಬರಿಗೂ ಎದುರುಬದುರು ಜಗಳ. ಆದರೆ ಇಬ್ಬರೂ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದಾರೆ, ಬಿಚ್ಚಿ ನೋಡಲು ತಯಾರಿಲ್ಲ. ವಾಟ್ಸಾಪಿನ ಕೃಪೆಯಿಂದ ಈಗ ಮೊದಲನೆಯ ತರದವರು ಎಳೆಯರಲ್ಲಿಯೂ ಹೆಚ್ಚುತ್ತಿದ್ದಾರೆ. ಧರ್ಮೋಪದೇಶದ ತರಗತಿಗೆ ಬಾರದ ಹುಡುಗ, ಪ್ರಸಾದವನ್ನು ಕೈಯಲ್ಲಿ ತೆಗೆದುಕೊಂಡವರಿಗೆ ನರಕವೆಂಬ ವಿಡಿಯೋ ಕಳುಹಿಸುತ್ತಾನೆ.

ಹಳೆಯದನ್ನು ಕಾಯಲು ಕೆಲವೊಮ್ಮೆ ಹೊಸ ಮಾತೇ ಬೇಕಾಗುತ್ತದೆ ಎಂಬುದಕ್ಕೆ ನಿಸೇಯಾ ಮಹಾಸಭೆಯೇ ಸಾಕ್ಷಿ. 325ರಲ್ಲಿ ನಡೆದ ಆ ಸಭೆಗೆ 2025ರಲ್ಲಿ 1700 ವರ್ಷ ತುಂಬಿತು. ಪುತ್ರನು ಪಿತನೊಂದಿಗೆ ಒಂದೇ ತತ್ವದವರು ಎಂದು ಹೇಳಲು ಅಲ್ಲಿ ಬಳಸಿದ ಗ್ರೀಕ್ ಪದ ಶ್ರೀಗ್ರಂಥದಲ್ಲಿಲ್ಲ ಎಂದು ಹಲವು ಬಿಷಪರು ಹಿಂಜರಿದರು. ಆ ಹೊಸ ಪದವಿಲ್ಲದೆ ಹಳೆಯ ವಿಶ್ವಾಸ ಉಳಿಯದು ಎಂದು ಸಭೆ ಕಂಡುಕೊಂಡಿತು. ಅದಕ್ಕೂ ಮೊದಲು ಪೇತ್ರರು ಯೊಪ್ಪದಿಂದ ಹೊರಟು ಪರಜಾತಿಯ ಕೊರ್ನೇಲಿಯನ ಮನೆಯ ಹೊಸಿಲು ದಾಟಿದ್ದು, ಜೆರುಸಲೇಮಿನಲ್ಲಿ ಅದಕ್ಕಾಗಿ ಸಹೋದರರಿಗೆ ವಿವರಣೆ ಕೊಡಬೇಕಾಗಿ ಬಂದದ್ದು, ಪ್ರೇಷಿತರ ಕಾರ್ಯಕಲಾಪಗಳ 10 ಮತ್ತು 11ನೇ ಅಧ್ಯಾಯಗಳಲ್ಲಿವೆ. ಮನೆಯಲ್ಲಿ ಸಂಜೆಯ ಜಪಸರದ ನಂತರ ಒಂದು ದಿನ ಓದಿರಿ. ಪೇತ್ರರ ಮನಸ್ಸು ತೆರೆಯಲು ಆರಂಭಿಸಿದ್ದು ದರ್ಶನದಲ್ಲಿ. ಪೂರ್ತಿ ತೆರೆದದ್ದು ಆ ಮನೆಯೊಳಗೆ ಹೋಗಿ ಆ ಜನರ ಮುಖ ನೋಡಿದ ಮೇಲೆ.

ಗಡಿಯಲ್ಲಿರುವ ನಮಗೆ ಇದು ಗೊತ್ತಿಲ್ಲದ ವಿಷಯವಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಬೇಳ, ಕಯ್ಯಾರು, ಮಂಜೇಶ್ವರದ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯದಲ್ಲಿಯೇ ಉಳಿದವು. ರಾಜ್ಯದ ಗೆರೆ ಒಂದು ಕಡೆ, ಬಿಷಪರ ಗೆರೆ ಇನ್ನೊಂದು ಕಡೆ, ಮನೆಮಾತು ಮೂರನೆಯದು. ಆದರೂ ಹಬ್ಬದ ಪೂಜೆಯಲ್ಲಿ ಎಷ್ಟು ಹಾಡು ಕೊಂಕಣಿಯಲ್ಲಿ, ಎಷ್ಟು ಕನ್ನಡದಲ್ಲಿ, ಮಲಯಾಳಂ ಒಂದಾದರೂ ಬೇಡವೇ ಎಂದು ಪಾಲನಾ ಪರಿಷತ್ತಿನ ಸಭೆ ರಾತ್ರಿ ಹತ್ತರ ತನಕ ಎಳೆಯುವುದುಂಟು. ಇದರ ಬಗ್ಗೆ ಇನ್ನೊಮ್ಮೆ ಬರೆಯೋಣ, ಈಗ ಬರೆದರೆ ಪುಟ ಸಾಲದು.

ಆ ಅಣ್ಣನಿಗೆ ನಾವು ಓಸ್ತಿಯಾದ ಕಥೆಯನ್ನು ಹೇಳಿದೆವು. ಅವರು ವಾದಿಸಲಿಲ್ಲ. "ಆ ತಾಯಿ ತಾವೇ ಹೇಳಿದರಲ್ಲ ಫಾದರ್, ನಮ್ಮ ಅಮ್ಮನನ್ನು ಯಾರೂ ಕೇಳಲಿಲ್ಲ" ಎಂದರು. ಅದು ನಿಜ. ಸುಟ್ಟದ್ದಕ್ಕಿಂತ, ಕೊನೆಯ ಸಲ ಮುಖ ನೋಡಲಾಗಲಿಲ್ಲ, ತನ್ನನ್ನು ಕೇಳಲಿಲ್ಲ ಎಂಬ ನೋವೇ ದೊಡ್ಡದಿತ್ತು. ಆ ನೋವು ನಿಯಮದ ಅಂಗಿ ತೊಟ್ಟುಕೊಂಡು ಬಂದಿತ್ತು. ನಂತರದ ನವೆಂಬರಿನಲ್ಲಿ ಅವರು ಸಮಾಧಿಗೆ ಬಂದರು, ತಮ್ಮನ ಜೊತೆ ಇನ್ನೂ ಹೆಚ್ಚು ಮಾತಿಲ್ಲ.

ಆದ್ದರಿಂದ ಬದುಕಿರುವಾಗಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಅಪಶಕುನವೆಂದು ಹೆದರಬೇಡಿ. ತಿಳಿದಿರಬೇಕಾದ ವಿಷಯಗಳು ಹೀಗಿವೆ. ದಹನಕ್ಕೆ ಮೊದಲು ದೇಹವನ್ನು ಇಗರ್ಜಿಗೆ ತಂದು ಬಲಿಪೂಜೆ ನಡೆಸಬಹುದು, ಅದೇ ಒಳ್ಳೆಯದು. 2016ರಲ್ಲಿ ರೋಮ್ ನೀಡಿದ ಸೂಚನೆಯಂತೆ ಬೂದಿಯನ್ನು ಸಮಾಧಿ ಭೂಮಿಯಲ್ಲಿಯೋ ಬೇರೆ ಪವಿತ್ರ ಸ್ಥಳದಲ್ಲಿಯೋ ಇಡಬೇಕು; ನದಿಗೆ, ಸಮುದ್ರಕ್ಕೆ, ಗಾಳಿಗೆ ಚೆಲ್ಲುವಂತಿಲ್ಲ, ಲಾಕೆಟಿನಲ್ಲಿ ತುಂಬಿಸಿ ಧರಿಸುವಂತಿಲ್ಲ, ಮನೆಯ ಕಪಾಟಿನಲ್ಲಿಡುವಂತಿಲ್ಲ. ಸತ್ತವರು ಒಂದು ಮನೆಯವರ ಸೊತ್ತಲ್ಲ, ಇಡೀ ಸಭೆ ಅವರಿಗಾಗಿ ಪ್ರಾರ್ಥಿಸಬೇಕು ಎಂಬುದು ಇದರ ಹಿಂದಿನ ಯೋಚನೆ. 2023ರ ಡಿಸೆಂಬರಿನಲ್ಲಿ ಬಂದ ಇನ್ನೊಂದು ಉತ್ತರದಲ್ಲಿ, ಕುಟುಂಬದವರು ಕೇಳಿಕೊಂಡರೆ ಬೂದಿಯ ಬಹು ಚಿಕ್ಕ ಅಂಶವನ್ನು ಮೃತರಿಗೆ ಪ್ರಿಯವಾದ ಒಂದು ಸ್ಥಳದಲ್ಲಿ ಇರಿಸಲು ಧರ್ಮಸಭೆಯ ಅಧಿಕಾರಿಗಳು ಪರಿಶೀಲಿಸಿ ಅನುಮತಿ ನೀಡಬಹುದೆಂದು ತಿಳಿಸಿದೆ. ಕೇಳದೆ ಮಾಡಬೇಡಿ.

ಪರವೂರಿನಲ್ಲಿ ದಹನವಾದರೆ ಅಲ್ಲಿಯ ಪ್ರಮಾಣಪತ್ರದ ಪ್ರತಿಯೊಂದನ್ನು ಧರ್ಮಕೇಂದ್ರದ ಕಚೇರಿಗೆ ತನ್ನಿರಿ. ಬೂದಿಯನ್ನು ಹೂಳಿದ ದಿನಾಂಕ, ಜಾಗ, ಎಲ್ಲವನ್ನೂ ಉಳಿದವರ ಹಾಗೆಯೇ ಮರಣ ದಾಖಲೆಯ ಅದೇ ಪುಸ್ತಕದಲ್ಲಿ ಬರೆದಿಡುತ್ತೇವೆ.